ಕೊಡಗಿನಿಂದ ದೊಡ್ಡ ಖರೀದಿಗೆ ಎಲ್ಲಿಗೆ: ಬೆಂಗಳೂರಿನ ಹೊರವಲಯದ ತೆರೆದ ಮಳಿಗೆಗಳಿಗೋ, ಮೈಸೂರಿನ ಪೇಟೆಗೋ?

ರೊಬಸ್ಟಾ ಕೊಯ್ಲು ಮುಗಿದು, ಕಾಫಿ ಒಣಗಿ ಮೂಟೆಗೆ ಸೇರಿ, ಏಪ್ರಿಲ್–ಮೇ ತಿಂಗಳ ಮದುವೆಗಳ ಮಾತು ಶುರುವಾಗುವ ಹೊತ್ತಿಗೆ ಕೊಡಗಿನ ಅನೇಕ ಮನೆಗಳಲ್ಲಿ ಜವಳಿಗೆ ಎಲ್ಲಿಗೆ ಹೋಗುವುದು ಎಂಬ ಚರ್ಚೆ ಏಳುತ್ತದೆ. ಓದಿನ ಕಾರಣಕ್ಕೋ ಕೆಲಸದ ಕಾರಣಕ್ಕೋ ಬೆಂಗಳೂರು ಸೇರಿರುವ ಮಕ್ಕಳು, ನಗರದ ಹೊರವಲಯದಲ್ಲಿ ಅಂಗಳ, ಮರ, ಕಾರಂಜಿಗಳ ಸುತ್ತ ಕಟ್ಟಿರುವ ತೆರೆದಾವರಣದ ಮಳಿಗೆ ಸಮುಚ್ಚಯಗಳನ್ನು ಹೊಗಳುತ್ತಾರೆ. ಹಿರಿಯರು ಮೈಸೂರನ್ನು ಬಿಟ್ಟು ಕದಲುವುದಿಲ್ಲ. ವಿರಾಜಪೇಟೆ ಕಡೆಯವರು ಮಾಕುಟ್ಟ ದಾಟಿ ಕಣ್ಣೂರಿಗೆ ಹೋದರೆ ಸಾಕೆನ್ನುತ್ತಾರೆ. ಎಲ್ಲರ ಮಾತಿನಲ್ಲೂ ಹುರುಳಿದೆ. ಯಾವುದು ಯಾರಿಗೆ ಎಂಬುದನ್ನು ತೀರ್ಮಾನಿಸಬೇಕಾದರೆ ಅಂಗಡಿಗಳನ್ನು ಹೋಲಿಸುವ ಮೊದಲು ಅಳತೆಗೋಲನ್ನು ಗೊತ್ತುಮಾಡಿಕೊಳ್ಳಬೇಕಾಗುತ್ತದೆ.

ಏನನ್ನು ಅಳೆಯಬೇಕು

ಬೆಲೆಯ ಚೀಟಿಯಿಂದ ಲೆಕ್ಕ ಆರಂಭಿಸುವುದು ನಗರದವರ ಕ್ರಮ. ರೈಲು ಹಳಿಯೇ ಇಲ್ಲದ ಜಿಲ್ಲೆಯಲ್ಲಿರುವ ನಾವು ರಸ್ತೆಯಿಂದ ಆರಂಭಿಸಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಬೆಂಗಳೂರಿಗೆ ಸುಮಾರು 260, ಮಂಗಳೂರಿಗೆ 140ರ ಆಸುಪಾಸು. ಹೋಗಿಬರುವ ಹೊತ್ತನ್ನು ಕಳೆದ ಮೇಲೆ ಅಂಗಡಿಯೊಳಗೆ ನಿಲ್ಲಲು ಎಷ್ಟು ತಾಸು ಉಳಿಯುತ್ತದೆ ಎಂಬುದು ಮೊದಲನೆಯ ಅಳತೆ. ಕೊಂಡ ವಸ್ತು ಸರಿಹೋಗದಿದ್ದರೆ ಅದನ್ನು ಬದಲಾಯಿಸಲು ಮತ್ತೆ ಅಷ್ಟು ದೂರ ಹೋಗಬೇಕೇ ಎಂಬುದು ಎರಡನೆಯದು. ಇದನ್ನು ಹೊರಡುವಾಗ ಯಾರೂ ಯೋಚಿಸುವುದಿಲ್ಲ, ಮನೆಗೆ ಬಂದು ಅಂಗಿ ತೊಟ್ಟುನೋಡಿದ ಮೇಲೆ ಎಲ್ಲರೂ ಯೋಚಿಸುತ್ತಾರೆ. ಜೊತೆಯಲ್ಲಿ ಬರುವವರ ವಯಸ್ಸು, ಆ ತಿಂಗಳ ಬಿಸಿಲು ಮಳೆ, ಕತ್ತಲಾದ ಮೇಲೆ ಮನೆಗೆ ಮರಳುವ ದಾರಿ ಇವು ಉಳಿದವು. ಬೆಲೆ ಇವೆಲ್ಲದರ ನಂತರ ಬರುತ್ತದೆ, ಏಕೆಂದರೆ ರಸ್ತೆಯ ಖರ್ಚನ್ನು ಸೇರಿಸದ ಬೆಲೆ ಬೆಲೆಯೇ ಅಲ್ಲ.

ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಿನಲ್ಲಿ ಮಡಿಕೇರಿಯಿಂದ ಮೈಸೂರಿಗೆ ಹೋಗಿಬರಲು 16 ಲೀಟರ್ ಪೆಟ್ರೋಲ್ ಸಾಕು. ಬೆಂಗಳೂರಿನ ಪೂರ್ವದ ಅಂಚಿಗೆ, ಅಂದರೆ ಮಹದೇವಪುರ, ವೈಟ್‌ಫೀಲ್ಡ್ ಕಡೆಗೆ ಹೋಗಿಬಂದರೆ 38 ಲೀಟರ್ ದಾಟುತ್ತದೆ. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ಇಷ್ಟರಲ್ಲೇ ಎರಡು ಸಾವಿರಕ್ಕೂ ಹೆಚ್ಚಿನ ವ್ಯತ್ಯಾಸವಿದೆ. ಹೆದ್ದಾರಿಯಲ್ಲಿ ಗಣಂಗೂರು ಮತ್ತು ಕಣಿಮಿಣಿಕೆಯ ಟೋಲ್, ಎರಡು ಹೊತ್ತಿನ ಊಟ, ವಾಹನ ನಿಲುಗಡೆಯ ಶುಲ್ಕ ಇದರ ಮೇಲೆ. ಐದು ಸಾವಿರದ ಖರೀದಿಗೆ ಬೆಂಗಳೂರಿನ ರಿಯಾಯಿತಿ ಎಷ್ಟೇ ದೊಡ್ಡದಿದ್ದರೂ ಈ ವ್ಯತ್ಯಾಸವನ್ನು ತುಂಬಲಾರದು. ಐವತ್ತು ಸಾವಿರದ ಖರೀದಿಯಾದರೆ ಯೋಚಿಸಬಹುದು.

ತೆರೆದಾವರಣದ ಸಮುಚ್ಚಯ ಯಾರಿಗಾಗಿ ಕಟ್ಟಿದ್ದು

ಈ ಬಗೆಯ ಮಳಿಗೆಗಳ ಸ್ವಭಾವ ತಿಳಿಯಲು ಅವುಗಳ ಹುಟ್ಟನ್ನು ಸ್ವಲ್ಪ ನೋಡಬೇಕು. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1920ರ ದಶಕದಲ್ಲಿ ಆರಂಭವಾದ ಕಂಟ್ರಿ ಕ್ಲಬ್ ಪ್ಲಾಜಾ, ಹೊಸ ಬಡಾವಣೆಗಳಿಂದ ಕಾರಿನಲ್ಲಿ ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಮೊದಮೊದಲ ವ್ಯಾಪಾರ ಕೇಂದ್ರಗಳಲ್ಲಿ ಒಂದು. ಮಿನೆಸೋಟ ರಾಜ್ಯದ ಈಡೈನಾದಲ್ಲಿ 1956ರಲ್ಲಿ ಸೌತ್‌ಡೇಲ್ ಎಂಬ ಪೂರ್ತಿ ಮುಚ್ಚಿದ, ಹವಾನಿಯಂತ್ರಿತ ಮಾಲ್ ಬಂದ ಮೇಲೆ ಮುಚ್ಚಿದ ಕಟ್ಟಡಗಳದೇ ಕಾಲವಾಯಿತು. ಈಚಿನ ದಶಕಗಳಲ್ಲಿ ಮತ್ತೆ ತೆರೆದ ಅಂಗಳಗಳ ಕಡೆಗೆ ಒಲವು ತಿರುಗಿದೆ. ಎರಡೂ ಬಗೆಯವು ಹತ್ತಿರದ ಬಡಾವಣೆಯವರಿಗಾಗಿ, ಸಂಜೆ ಬಂದು ಒಂದು ಕಾಫಿ ಕುಡಿದು, ಶನಿವಾರ ಕೊಂಡ ಅಂಗಿಯ ಅಳತೆಯನ್ನು ಮಂಗಳವಾರ ಬಂದು ಬದಲಾಯಿಸಿಕೊಂಡು ಹೋಗುವವರಿಗಾಗಿ ಕಟ್ಟಿದವು. ಘಾಟಿ ಹತ್ತುವವರು ಆ ಲೆಕ್ಕದಲ್ಲಿ ಇಲ್ಲ.

ಬೆಂಗಳೂರಿನಲ್ಲಿ ಈ ಹೆಸರಿನಡಿ ಬೇರೆ ಬೇರೆ ಬಗೆಯವು ಸಿಗುತ್ತವೆ. ಬೆಳ್ಳಂದೂರಿನ ಇಕೋವರ್ಲ್ಡ್ ಆವರಣದ ‘ದಿ ಬೇ’ ನಿಜವಾಗಿಯೂ ಆಕಾಶ ಕಾಣುವ ಸಮುಚ್ಚಯ; ಆದರೆ ಸುತ್ತಲಿನ ಕಚೇರಿಗಳವರನ್ನು ನೆಚ್ಚಿಕೊಂಡಿರುವ ಅಲ್ಲಿ ತಿಂಡಿ–ಊಟದ ಜಾಗಗಳದೇ ಮೇಲುಗೈ, ಜವಳಿ ಕೊಳ್ಳಲೆಂದೇ ಹೋಗುವ ಜಾಗ ಅದಲ್ಲ. ಮಹದೇವಪುರದ ಫೀನಿಕ್ಸ್ ಮಾರ್ಕೆಟ್‌ಸಿಟಿ ಮೂಲತಃ ಮುಚ್ಚಿದ ಮಾಲ್, ಮುಂದೆ ವಿಶಾಲವಾದ ತೆರೆದ ಅಂಗಳವಿದೆ. ಮಾರತ್‌ಹಳ್ಳಿಯ ಹೊರವರ್ತುಲ ರಸ್ತೆಯುದ್ದಕ್ಕೂ ಇರುವ ಫ್ಯಾಕ್ಟರಿ ಔಟ್‌ಲೆಟ್‌ಗಳಿಗೆ ಅಂಗಳವೂ ಇಲ್ಲ, ಕಾರಂಜಿಯೂ ಇಲ್ಲ. ರಸ್ತೆ ಬದಿಯ ಸಾಲು ಅಂಗಡಿಗಳು ಅವು, ಆದರೆ ಹಣ ಉಳಿಯುವುದು ಅಲ್ಲೇ.

ಫ್ಯಾಕ್ಟರಿ ಔಟ್‌ಲೆಟ್‌ನಲ್ಲಿ ಕೊಳ್ಳುವವರು ಕಣ್ಣನ್ನು ಸ್ವಲ್ಪ ಹರಿತ ಮಾಡಿಕೊಂಡು ಹೋಗಬೇಕು. ಕಳೆದ ಋತುವಿನ ಸರಕು, ಸಣ್ಣ ಕುಂದಿರುವ ಸರಕು, ಔಟ್‌ಲೆಟ್‌ಗೆಂದೇ ಹೊಲಿಸಿದ ಅಗ್ಗದ ಸರಕು ಮೂರೂ ಒಂದೇ ಸಾಲಿನಲ್ಲಿ ತೂಗುತ್ತಿರಬಹುದು. ಅಂಗಿಯನ್ನು ಬಾಗಿಲ ಬಳಿಯ ಬೆಳಕಿಗೆ ಒಯ್ದು, ಕಾಲರಿನ ಹಿಂದಿನ ಚೀಟಿಯನ್ನು ಅರ್ಧಕ್ಕೆ ಕತ್ತರಿಸಲಾಗಿದೆಯೇ, ಕಂಕುಳಿನ ಹೊಲಿಗೆ ಎರಡೂ ಕಡೆ ಒಂದೇ ಸಮ ಇದೆಯೇ, ಜೇಬಿನ ಗೆರೆ ಎದೆಯ ಗೆರೆಗೆ ಕೂಡಿದೆಯೇ ಎಂದು ನೋಡಿದರೆ ಮುಕ್ಕಾಲು ವಿಷಯ ತಿಳಿಯುತ್ತದೆ. ಎಂ.ಆರ್.ಪಿ. ಎಂದರೆ ಎಲ್ಲ ತೆರಿಗೆಯೂ ಒಳಗೊಂಡ ಬೆಲೆ ಎಂಬುದನ್ನು ಮರೆಯಬಾರದು. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪೊಂದರ ಬೆಲೆ 2,500 ರೂಪಾಯಿಯೊಳಗಿದ್ದರೆ ಜಿ.ಎಸ್.ಟಿ. ಶೇ 5, ಮೀರಿದರೆ ಶೇ 18 ಆಗಿರುವುದರಿಂದ ಬಿಲ್ಲಿನ ಆ ಸಾಲನ್ನು ಓದುವ ಅಭ್ಯಾಸ ಒಳ್ಳೆಯದು.

ಬದಲಾವಣೆಯ ವಿಷಯದಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನಗಳೊಳಗೆ, ವಾಪಸು ತೆಗೆದುಕೊಳ್ಳಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಆದರೆ ಬಣ್ಣ ಹಿಡಿಸಲಿಲ್ಲ, ಅಳತೆ ಬಿಗಿಯಾಯಿತು ಎಂಬ ಕಾರಣಗಳಿಗೆ ಬದಲಾಯಿಸಿಕೊಡುವುದು ಅಂಗಡಿಯವರ ನಿಯಮಕ್ಕೆ ಬಿಟ್ಟದ್ದು. ರಿಯಾಯಿತಿ ಮಳಿಗೆಗಳಲ್ಲಿ ಆ ನಿಯಮ ಸಾಮಾನ್ಯವಾಗಿ ಬಿಗಿ. ಕಾನೂನು ನಮ್ಮ ಕಡೆಗೇ ಇದ್ದರೂ ಒಂದು ಪ್ಯಾಂಟಿಗಾಗಿ ಸೋಮವಾರಪೇಟೆಯಿಂದ ಮಾರತ್‌ಹಳ್ಳಿಗೆ ಮತ್ತೊಮ್ಮೆ ಯಾರು ಹೋಗುತ್ತಾರೆ? ಆದ್ದರಿಂದ ಅಲ್ಲಿ ಕೊಳ್ಳಬೇಕಾದದ್ದು ತೊಟ್ಟುನೋಡಿ ಸರಿಯೆನಿಸಿದ ಸಿದ್ಧ ಉಡುಪು, ಶೂ, ಚೀಲ, ಕೈಗಡಿಯಾರ ಮುಂತಾದವು. ಹೊಲಿಗೆ, ತಿದ್ದುಪಡಿ, ಜೋಡಿ ಬಣ್ಣ ಹುಡುಕುವ ಕೆಲಸ ಇರುವ ಯಾವುದನ್ನೂ ಅಲ್ಲಿ ಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ.

ಒಂದೇ ದಿನದಲ್ಲಿ ಆಗುವ ಕೆಲಸವೇ?

ಬೆಳಗಿನ ಐದಕ್ಕೆ ಮಡಿಕೇರಿ ಬಿಟ್ಟು, ಹುಣಸೂರಿನ ಬಳಿ ತಿಂಡಿ ಮುಗಿಸಿ, ಮೈಸೂರಿನ ಹೊರವರ್ತುಲ ರಸ್ತೆಯಿಂದ ಹೆದ್ದಾರಿ ಹಿಡಿದರೆ ಕೆಂಗೇರಿ ತಲಪುವಾಗ ಹತ್ತೂವರೆ ಆಗಿರುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಆ ಭಾಗದ ಪ್ರಯಾಣವನ್ನು ನಿಜಕ್ಕೂ ಹಗುರ ಮಾಡಿದೆ. ಗಂಟೆಗೆ 100 ಕಿಲೋಮೀಟರ್ ಮಿತಿಯನ್ನು ಮೀರಿದರೆ ಕ್ಯಾಮೆರಾ ಹಿಡಿಯುತ್ತದೆ, ಬೈಕುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಕೆಂಗೇರಿಯಿಂದ ಆಚೆಗೆ ಕಾರು ಒಯ್ಯುವುದು ವ್ಯರ್ಥ. ಕಾರನ್ನು ಮೆಟ್ರೊ ನಿಲ್ದಾಣದ ಬಳಿ ನಿಲ್ಲಿಸಿ ನೇರಳೆ ಮಾರ್ಗ ಹಿಡಿಯುವುದು ಜಾಣತನ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ ಈ ಮಾರ್ಗ 2023ರ ಅಕ್ಟೋಬರ್‌ನಿಂದ ಪೂರ್ತಿಯಾಗಿ ಓಡುತ್ತಿದ್ದು, ಫೀನಿಕ್ಸ್ ಕಡೆಗೆ ಹೋಗುವವರು ಸಿಂಗಯ್ಯನಪಾಳ್ಯದಲ್ಲಿ ಇಳಿಯಬೇಕು. ಕೆಂಗೇರಿಯಿಂದ ಅಲ್ಲಿಗೆ ಒಂದು ಗಂಟೆಗೂ ಮೀರಿದ ಪ್ರಯಾಣ. ಮಾರತ್‌ಹಳ್ಳಿ ಮತ್ತು ಬೆಳ್ಳಂದೂರು ನೇರಳೆ ಮಾರ್ಗದಿಂದ ದೂರವಿರುವುದರಿಂದ ಅಲ್ಲಿಗೆ ಮತ್ತೆ ಬಸ್ಸೋ ಆಟೊವೋ ಬೇಕು.

ಹೀಗೆ ಮಳಿಗೆಯ ಅಂಗಳದಲ್ಲಿ ಕಾಲಿಡುವಾಗ ಮಧ್ಯಾಹ್ನ. ನಾಲ್ಕು ಗಂಟೆಗೆ ಮರಳಿ ಹೊರಟರೂ ಮಡಿಕೇರಿ ಮುಟ್ಟುವುದು ರಾತ್ರಿ ಹತ್ತೂವರೆಯ ಮೇಲೆ. ಗೋಣಿಕೊಪ್ಪ ಕಡೆಯವರಿಗೆ ಆನೆಚೌಕೂರಿನ ಕಾಡುದಾರಿ ಕತ್ತಲಲ್ಲೇ ಸಿಗುತ್ತದೆ, ಆ ಹೊತ್ತಿನಲ್ಲಿ ಅಲ್ಲಿ ರಸ್ತೆ ಯಾರದೆಂಬುದನ್ನು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಹದಿಮೂರು ತಾಸಿಗೂ ಮೀರಿದ ಪ್ರಯಾಣಕ್ಕೆ ನಾಲ್ಕು ತಾಸಿನ ಖರೀದಿ. ಅದೂ ಸುಡುಮಧ್ಯಾಹ್ನದಲ್ಲಿ.

ತೆರೆದಾವರಣದ ಸಮುಚ್ಚಯದ ಬಗ್ಗೆ ಹೇಳಲೇಬೇಕಾದ ಮಾತು ಇಲ್ಲಿದೆ. ಅದರ ಸೊಗಸೆಲ್ಲ ಸಂಜೆಯದು. ಬಿಸಿಲು ಇಳಿದು, ದೀಪ ಹತ್ತಿ, ಮಕ್ಕಳು ಅಂಗಳದಲ್ಲಿ ಓಡಾಡುವ ಹೊತ್ತಿಗೆ ಅಲ್ಲಿರಬೇಕು. ಆ ಹೊತ್ತಿಗೆ ಅಲ್ಲಿದ್ದವರು ಅಂದು ರಾತ್ರಿ ಕೊಡಗಿಗೆ ಮರಳಲಾರರು. ಹವೆಯ ದೃಷ್ಟಿಯಿಂದ ಡಿಸೆಂಬರ್–ಫೆಬ್ರುವರಿ ಅತ್ಯುತ್ತಮ, ಆದರೆ ಅದೇ ತಿಂಗಳುಗಳಲ್ಲಿ ತೋಟದಲ್ಲಿ ಕೊಯ್ಲು ನಡೆಯುತ್ತಿರುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಬೆಂಗಳೂರಿನ ಮಧ್ಯಾಹ್ನ ನಮ್ಮವರಿಗೆ ಸಹಿಸಲು ಕಷ್ಟ. ಮೇ ಸಂಜೆಗಳಲ್ಲಿ ಗುಡುಗು ಮಳೆ ಸಾಮಾನ್ಯ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಆ ನಗರದ ಮಳೆಗಾಲದ ಜೋರು. ಒಂದು ಮಳಿಗೆಯಿಂದ ಇನ್ನೊಂದಕ್ಕೆ ಬಯಲಿನಲ್ಲೇ ನಡೆಯಬೇಕಾದ ಜಾಗದಲ್ಲಿ ಇದು ಸಣ್ಣ ವಿಷಯವಲ್ಲ. ಆದ್ದರಿಂದ ಬೆಂಗಳೂರಿನಲ್ಲಿ ಮಗಳ ಮನೆಯೋ ತಮ್ಮನ ಮನೆಯೋ ಇದ್ದು, ಒಂದು ರಾತ್ರಿ ಉಳಿಯುವ ಅನುಕೂಲ ಇರುವವರಿಗೆ ಈ ಆಯ್ಕೆ ಚೆನ್ನಾಗಿ ಹೊಂದುತ್ತದೆ. ಅಂಥವರು ಮಧ್ಯಾಹ್ನ ತಲಪಿ ವಿಶ್ರಾಂತಿ ಪಡೆದು ಸಂಜೆ ಖರೀದಿಗೆ ಹೋಗಿ, ಮರುದಿನ ಬೆಳಿಗ್ಗೆ ಹೊರಡಬಹುದು. ಅಳತೆ ಸರಿಯಾಗದ ವಸ್ತುವನ್ನು ಬಿಲ್ಲಿನ ಸಮೇತ ಅಲ್ಲಿರುವವರ ಕೈಗೇ ಒಪ್ಪಿಸಿ ಬರಬಹುದು. ಹೋಟೆಲ್ ಕೋಣೆ ಹಿಡಿದು ಉಳಿಯಬೇಕಾದರೆ ಉಳಿತಾಯದ ಮಾತು ಬಿಟ್ಟು, ಅದನ್ನು ಪ್ರವಾಸವೆಂದೇ ಲೆಕ್ಕ ಹಾಕಬೇಕು.

ಮೈಸೂರು

ಮದುವೆ ಜವಳಿಯ ಮಟ್ಟಿಗೆ ನನ್ನ ಒಲವು ಮೈಸೂರಿಗೆ. ಇದರಲ್ಲಿ ಹಿರಿಯರ ಪಕ್ಷ ವಹಿಸಿದೆ ಎಂದರೂ ಸರಿಯೇ. ಏಳೂವರೆಗೆ ಮಡಿಕೇರಿ ಬಿಟ್ಟವರು ಹತ್ತೂವರೆಗೆ ಅಂಗಡಿಯ ಬಾಗಿಲಲ್ಲಿರುತ್ತಾರೆ, ನಾಲ್ಕಕ್ಕೆ ಹೊರಟರೆ ಏಳಕ್ಕೆ ಮನೆ. ಕುಶಾಲನಗರದವರಿಗೆ ಇದಕ್ಕಿಂತಲೂ ಸುಲಭ. ಗಾಳಿ ಬೆಳಕಿನಲ್ಲಿ ನಡೆದಾಡುತ್ತ ಕೊಳ್ಳುವ ಖುಷಿಯೇ ಬೇಕೆನ್ನುವವರಿಗೆ ದೇವರಾಜ ಅರಸು ರಸ್ತೆ, ಸಯ್ಯಾಜಿರಾವ್ ರಸ್ತೆ, ದೇವರಾಜ ಮಾರುಕಟ್ಟೆಗಳಿಗಿಂತ ದೊಡ್ಡ ತೆರೆದಾವರಣ ಇನ್ನೆಲ್ಲಿದೆ? 2016ರಲ್ಲಿ ಒಂದು ಭಾಗ ಕುಸಿದ ದೇವರಾಜ ಮಾರುಕಟ್ಟೆಯ ಹಳೆಯ ಕಟ್ಟಡದ ಭವಿಷ್ಯದ ಬಗ್ಗೆ ವಾದವಿವಾದ ನಡೆಯುತ್ತಲೇ ಬಂದಿದೆ. ಆದರೂ ಹೂವು, ಅರಿಶಿನ ಕುಂಕುಮ, ಬಾಳೆಹಣ್ಣಿಗೆ ಜನ ಹುಡುಕಿಕೊಂಡು ಹೋಗುವುದು ಅಲ್ಲಿಗೇ. ಒಡವೆಗೆ ಅಶೋಕ ರಸ್ತೆ, ದಿನಸಿಯ ಸಗಟಿಗೆ ಸಂತೆಪೇಟೆ. ಇವೆಲ್ಲ ಒಂದೇ ಸುತ್ತಿನಲ್ಲಿ ಸಿಗುವುದರಿಂದ ದಿನ ಸಾರ್ಥಕವಾಗುತ್ತದೆ.

ರೇಷ್ಮೆ ಸೀರೆ ಬೇಕಾದವರಿಗೆ ಮಾನಂದವಾಡಿ ರಸ್ತೆಯ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆಯ ಮಳಿಗೆ ಇದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಕಾರ್ಖಾನೆಯದು. ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಇರುತ್ತದೆ, ಪ್ರತಿ ಸೀರೆಗೂ ತನ್ನದೇ ಸಂಖ್ಯೆ ಇರುತ್ತದೆ. ಈಚಿನ ವರ್ಷಗಳಲ್ಲಿ ಬೇಡಿಕೆಗೆ ತಕ್ಕಷ್ಟು ಸೀರೆಗಳು ಬರುತ್ತಿಲ್ಲವಾದ್ದರಿಂದ ಬಣ್ಣದ ವಿಷಯದಲ್ಲಿ ಹಟ ಹಿಡಿಯದೆ, ಬೆಳಿಗ್ಗೆ ಮೊದಲಿಗೆ ಅಲ್ಲಿಗೇ ಹೋಗಬೇಕು. ಕೊಡವ ಶೈಲಿಯಲ್ಲಿ ಉಡುವವರಿಗೆ ಇನ್ನೊಂದು ಸೂಚನೆ: ಅಂಗಡಿಯ ಕನ್ನಡಿಯ ಮುಂದೆ ಸೀರೆಯನ್ನು ಹೊದಿಸಿ ತೋರಿಸುವವರು ನಿರಿಗೆಯನ್ನು ಮುಂದಕ್ಕೂ ಸೆರಗನ್ನು ಎಡ ಹೆಗಲಿಗೂ ಇಡುತ್ತಾರೆ. ನಮ್ಮಲ್ಲಿ ನಿರಿಗೆ ಹಿಂದಕ್ಕೆ ಹೋಗಿ, ಸೆರಗು ಮುಂದಿನಿಂದ ಸುತ್ತಿ ಬಲ ಹೆಗಲ ಮೇಲೆ ಪಿನ್ನಿನಲ್ಲಿ ನಿಲ್ಲುತ್ತದೆ. ಬೆಲೆ ಏರಿಸಿದ ಆ ಭಾರಿ ಸೆರಗಿನ ಕೆಲಸದಲ್ಲಿ ಎಷ್ಟು ಕಣ್ಣಿಗೆ ಬೀಳುತ್ತದೆ, ದಪ್ಪ ರೇಷ್ಮೆ ಹಿಂದೆ ಹೇಗೆ ಉಬ್ಬುತ್ತದೆ ಎಂಬುದು ನಮ್ಮ ಕ್ರಮದಲ್ಲಿ ಉಟ್ಟು ನೋಡದೆ ತಿಳಿಯದು. ಉಡಿಸಲು ಬಲ್ಲ ಒಬ್ಬ ಅತ್ತೆಯನ್ನೋ ಅಕ್ಕನನ್ನೋ ಕರೆದೊಯ್ಯುವುದು ಯಾವ ಮಾರಾಟಗಾರನ ಸಲಹೆಗಿಂತಲೂ ಮೇಲು. ಗಂಡಿನ ಕುಪ್ಯ (ನಿಲುವಂಗಿ), ಚೇಲೆ (ನಡುಪಟ್ಟಿ)ಗಳಿಗಂತೂ ಮೈಸೂರನ್ನೂ ನೆನೆಯಬೇಕಾಗಿಲ್ಲ. ವಿರಾಜಪೇಟೆ, ಗೋಣಿಕೊಪ್ಪ, ಮಡಿಕೇರಿಯಲ್ಲಿ ಅಳತೆ ಕೊಟ್ಟು ಹೊಲಿಸಿಕೊಳ್ಳುವುದೇ ಸರಿ.

ಮೈಸೂರಿನ ಕೊರತೆಗಳೂ ಇವೆ. ಅರಸು ರಸ್ತೆಯಲ್ಲಿ ವಾಹನ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಒಂದು ಸೀರೆ ಆರಿಸಿ ಮುಗಿಸಬಹುದು. ವಯಸ್ಸಾದವರಿಗೆ ಕೂರಲು ಕಲ್ಲುಬೆಂಚು ಕೂಡ ಕಷ್ಟ; ಶುಚಿಯಾದ ಶೌಚಾಲಯ ಬೇಕೆಂದರೆ ಯಾವುದಾದರೂ ದೊಡ್ಡ ಅಂಗಡಿಯನ್ನೋ ಹೋಟೆಲನ್ನೋ ಹೊಕ್ಕಬೇಕು. ಈ ಎರಡು ವಿಷಯಗಳಲ್ಲಿ ಹೊರವಲಯದ ಸಮುಚ್ಚಯಗಳು ನಿಸ್ಸಂಶಯವಾಗಿ ಮುಂದಿವೆ, ಮೊಣಕಾಲು ನೋವಿನವರಿಗೂ ಕೈಗೂಸಿನ ತಾಯಂದಿರಿಗೂ ಇದು ಬೆಲೆಗಿಂತ ಮುಖ್ಯವಾಗಬಹುದು. ಅಂಥವರು ಜೊತೆಗಿದ್ದರೆ ಮೈಸೂರಿನಲ್ಲೇ ಹೈದರಾಲಿ ರಸ್ತೆಯ ಸೆಂಟರ್ ಸಿಟಿ ಮಾಲ್ ಅಥವಾ ಜಯಲಕ್ಷ್ಮೀಪುರಂನ ಹ್ಯಾಬಿಟ್ಯಾಟ್ ಮಾಲ್‌ನಲ್ಲಿ ಅವರನ್ನು ತಂಪಿನಲ್ಲಿ ಕೂರಿಸಿ, ಪೇಟೆಯ ಕೆಲಸವನ್ನು ಇಬ್ಬರು ಮುಗಿಸಿ ಬರುವುದು ಒಳ್ಳೆಯ ಉಪಾಯ.

ಮಂಗಳೂರು, ಕಣ್ಣೂರು, ಹಾಸನದ ದಾರಿ

ಮಂಗಳೂರು ದೂರದಲ್ಲಿ ಮೈಸೂರಿಗಿಂತ ಸ್ವಲ್ಪವೇ ಹೆಚ್ಚು, ಆದರೆ ಸಂಪಾಜೆ ಘಾಟಿಯ ತಿರುವುಗಳು ಕಿಲೋಮೀಟರಿನ ಲೆಕ್ಕವನ್ನು ಕೆಡಿಸುತ್ತವೆ. ಮಾಲ್‌ಗಳಿವೆ, ಹಂಪನಕಟ್ಟೆಯ ಸುತ್ತ ಬಟ್ಟೆ, ಒಡವೆ ಅಂಗಡಿಗಳಿವೆ. ಸೆಕೆ ವಿಪರೀತ. ಮಳೆಗಾಲದಲ್ಲಿ ಆ ದಾರಿಯನ್ನು ನಂಬಿ ದಿನ ಗೊತ್ತುಮಾಡಬಾರದು. 2018ರ ಆಗಸ್ಟ್‌ನ ಕುಸಿತದಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಎಷ್ಟು ಕಾಲ ಕಡಿದುಹೋಗಿತ್ತೆಂಬುದನ್ನು ಈ ಜಿಲ್ಲೆ ಮರೆತಿಲ್ಲ. ಮಾಕುಟ್ಟದ ದಾರಿಗೂ ಇದೇ ಮಾತು ಸಲ್ಲುತ್ತದೆ, ಆದರೆ ಬೇಸಗೆಯಲ್ಲಿ ವಿರಾಜಪೇಟೆಯವರಿಗೆ ಇರಿಟ್ಟಿ, ತಲಶ್ಶೇರಿ, ಕಣ್ಣೂರುಗಳು ಮೈಸೂರಿಗಿಂತ ಸಮೀಪ. ಒಡವೆ ಮತ್ತು ಬಿಳಿ ಬಟ್ಟೆಗೆ ಅತ್ತ ಹೋಗುವುದರಲ್ಲಿ ಅರ್ಥವಿದೆ.

ಶನಿವಾರಸಂತೆ, ಕೊಡ್ಲಿಪೇಟೆ ಕಡೆಯವರ ಲೆಕ್ಕವೇ ಬೇರೆ. ಅವರು ಬೆಂಗಳೂರಿಗೆ ಹಾಸನ, ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲದ ಮೂಲಕ ಹೋಗುವುದರಿಂದ ನಗರದ ಪಶ್ಚಿಮೋತ್ತರದ ಅಂಚು ಅವರಿಗೆ ಮೊದಲು ಸಿಗುತ್ತದೆ. 2022ರ ಜೂನ್‌ನಲ್ಲಿ ತೆರೆದ ನಾಗಸಂದ್ರದ ಐಕಿಯಾ ಇರುವುದು ಅಲ್ಲೇ. ಅದು ಮುಚ್ಚಿದ ಕಟ್ಟಡ, ಜವಳಿಯ ಜಾಗವೂ ಅಲ್ಲ. ಆದರೆ ಹೊಸ ಮನೆಗೆ ಮೇಜು, ಕಪಾಟು, ಅಡುಗೆಮನೆಯ ಸಾಮಾನು ಬೇಕಾದವರು ನಗರದೊಳಗೆ ಹೋಗದೆಯೇ ಕೆಲಸ ಮುಗಿಸಿ ತಿರುಗಬಹುದು. ಮುಂದಕ್ಕೆ ಚಿಕ್ಕಪೇಟೆಯ ಸಗಟು ಅಂಗಡಿಗಳಿಗೋ ಜಯನಗರ ನಾಲ್ಕನೇ ಬ್ಲಾಕಿಗೋ ಹೋಗಬೇಕೆನಿಸಿದರೆ ಅಲ್ಲಿಂದಲೇ ಹಸಿರು ಮಾರ್ಗದ ಮೆಟ್ರೊ ಇದೆ. ಜಯನಗರವೂ 1948ರಲ್ಲಿ ಊರ ಹೊರಗೆಂದೇ ಶುರುವಾದ ಬಡಾವಣೆ. ಅದರ ನಾಲ್ಕನೇ ಬ್ಲಾಕಿನ ಬಯಲು ಅಂಗಡಿಸಾಲು ಇಂದಿನ ಹೊಸ ಸಮುಚ್ಚಯಗಳಿಗಿಂತ ಅಗ್ಗ, ಚೌಕಾಸಿಗೂ ಅವಕಾಶವಿದೆ.

ಕೈಯಲ್ಲಿ ಹಣ ಕಡಿಮೆ ಇದ್ದಾಗ

ಮನೆಮಂದಿಗೆ ದಿನಬಳಕೆಯ ಬಟ್ಟೆ, ಮಕ್ಕಳಿಗೆ ಶಾಲೆಯ ಶೂ, ಚೀಲ, ಪಾತ್ರೆಪಡಗ ಎಂಬಷ್ಟೇ ಪಟ್ಟಿಯಾದರೆ ಜಿಲ್ಲೆ ಬಿಟ್ಟು ಹೊರಡುವುದೇ ಬೇಡ. ಮಡಿಕೇರಿಯ ಶುಕ್ರವಾರದ ಸಂತೆ, ಕುಶಾಲನಗರದ ಮಂಗಳವಾರದ ಸಂತೆ, ವಿರಾಜಪೇಟೆಯ ಬುಧವಾರದ ಸಂತೆಗಳ ಸುತ್ತಲಿನ ಅಂಗಡಿಗಳಲ್ಲಿ ಆಯ್ಕೆ ಕಡಿಮೆ ನಿಜ, ಆದರೆ ಪರಿಚಯದ ಅಂಗಡಿಯವರು ಮುಂದಿನ ವಾರ ಅಳತೆ ಬದಲಾಯಿಸಿಕೊಡುತ್ತಾರೆ. ಸ್ವೆಟರು, ಜಾಕೆಟ್ಟುಗಳಿಗೆ ಬೈಲಕುಪ್ಪೆಯ ನಾಮ್ಡ್ರೋಲಿಂಗ್ ಮಠದ ಎದುರಿನ ಟಿಬೆಟನ್ನರ ಅಂಗಡಿಗಳಿವೆ. ಪ್ರವಾಸಿಗರ ಬಸ್ಸುಗಳು ಬರುವ ಮೊದಲು, ಬೆಳಿಗ್ಗೆ ಬೇಗ ಹೋದರೆ ಬೆಲೆಯೂ ಇಳಿಯುತ್ತದೆ.

ಬಸ್ಸಿನಲ್ಲಿ ಹೋಗುವವರಿಗೆ ಲೆಕ್ಕ ಬದಲಾಗುತ್ತದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗಿನ ಪ್ರಯಾಣ ಉಚಿತ. ರಾಜಹಂಸ, ಐರಾವತಗಳಿಗೆ ಇದು ಅನ್ವಯಿಸುವುದಿಲ್ಲ. ಅಮ್ಮ, ಮಗಳು, ಚಿಕ್ಕಮ್ಮ ಮೂವರು ಬಸ್ಸಿನಲ್ಲಿ ಮೈಸೂರಿಗೆ ಹೋಗಿಬಂದರೆ ದಾರಿಯ ಖರ್ಚು ಊಟ ಕಾಫಿಯದಷ್ಟೇ. ಬೆಂಗಳೂರಿಗೂ ಇದೇ ರೀತಿ ಹೋಗಿ ಕೆಂಗೇರಿಯಲ್ಲಿ ಇಳಿದರೆ ಮೆಟ್ರೊ ಅಲ್ಲೇ ಸಿಗುತ್ತದೆ. ಆದರೆ ಸಾಮಾನ್ಯ ಬಸ್ಸಿನಲ್ಲಿ ಆರು ತಾಸು ಕುಳಿತು, ಮರಳುವಾಗ ಕೈತುಂಬ ಚೀಲ ಹಿಡಿದು ಮತ್ತೆ ಆರು ತಾಸು ಕೂರುವುದು ಒಂದು ದಿನಕ್ಕೆ ಹೆಚ್ಚಾಯಿತು. ಬಸ್ಸಿಗರು ಬೆಂಗಳೂರನ್ನು ಆರಿಸುವುದಾದರೆ ಹಗುರ ಸಾಮಾನಿಗೆ, ಅದೂ ಉಳಿಯಲು ಮನೆಯಿದ್ದರೆ ಮಾತ್ರ.

ಮದುವೆ ಮನೆಯವರಿಗೆ ಎರಡನ್ನೂ ಸೇರಿಸುವ ಒಂದು ದಾರಿ ಇದೆ. ಸೀರೆ, ಒಡವೆ, ಹೊಲಿಗೆಯ ಬಟ್ಟೆಗಳನ್ನು ಮದುವೆಗೆ ಎರಡು ತಿಂಗಳಿರುವಾಗಲೇ ಮೈಸೂರಿನಲ್ಲಿ ಮುಗಿಸಿ, ರವಿಕೆಗಳನ್ನು ಊರಿನ ದರ್ಜಿಗೆ ಒಪ್ಪಿಸಿಬಿಡುವುದು. ಯುವಕ ಯುವತಿಯರ ಸಿದ್ಧ ಉಡುಪು, ಶೂಗಳನ್ನು ಬೆಂಗಳೂರಿನಲ್ಲಿರುವ ಮಕ್ಕಳೇ ತಮ್ಮ ಬಿಡುವಿನ ಸಂಜೆ ಹೊರವಲಯದ ಮಳಿಗೆಗಳಲ್ಲಿ ತೊಟ್ಟುನೋಡಿ ಕೊಂಡು, ಮದುವೆಗೆ ಬರುವಾಗ ತರುವುದು. ಶನಿವಾರ, ಭಾನುವಾರಗಳಲ್ಲಿ ಅಲ್ಲಿ ತೊಟ್ಟುನೋಡುವ ಕೋಣೆಗೂ ಸಾಲು ನಿಲ್ಲಬೇಕಾಗುವುದರಿಂದ ವಾರದ ನಡುವಿನ ದಿನವನ್ನೇ ಅವರಿಗೆ ಹೇಳಬೇಕು, ಬಿಲ್ಲುಗಳನ್ನು ಬಟ್ಟೆಯ ಚೀಟಿಯೊಂದಿಗೆ ಮದುವೆ ಮುಗಿಯುವವರೆಗೆ ತೆಗೆದಿಡಲೂ ಹೇಳಬೇಕು.